ಪೇಟೆ ಕುಸಿದಾಗ ರೀಟ್ ಯೂನಿಟ್ಟೋ, ಬ್ಯಾಂಕ್ ಠೇವಣಿಯೋ?

ಹಲವರ ಹಣ ಒಟ್ಟುಗೂಡಿಸಿ, ಬಾಡಿಗೆ ತರುವ ಕಟ್ಟಡಗಳಲ್ಲಿ ತೊಡಗಿಸಿ, ಬಂದ ಆದಾಯವನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟೇ ರೀಟ್; ಅದರಲ್ಲಿನ ಒಂದೊಂದು ಪಾಲೂ ಒಂದು ಯೂನಿಟ್. 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂದ ಎಂಬೆಸಿ ಆಫೀಸ್ ಪಾರ್ಕ್ಸ್ ದೇಶದ ಮೊದಲ ರೀಟ್. ಬೆಂಗಳೂರಿನ ನಾಗವಾರದ ಕಚೇರಿ ಸಮುಚ್ಚಯ ಮಾನ್ಯತಾ ಪಾರ್ಕ್ ಅದರ ಆಸ್ತಿಗಳಲ್ಲೊಂದು. 2020ರ ಮಾರ್ಚ್‌ನಲ್ಲಿ ಪೇಟೆ ಕುಸಿದಾಗ ಅದರ ಯೂನಿಟ್ ಬೆಲೆಯೂ ಇಳಿಯಿತು. ಆದರೆ ಉದ್ಯೋಗಿಗಳು ಮನೆಯಿಂದ ದುಡಿಯುತ್ತಿದ್ದು ಕಚೇರಿಗಳು ಬಿಕೋ ಎನ್ನುತ್ತಿದ್ದರೂ, ದೀರ್ಘಾವಧಿ ಗುತ್ತಿಗೆಗೆ ಸಹಿ ಹಾಕಿದ್ದ ಕಂಪನಿಗಳ ಬಾಡಿಗೆ ಬಹುಪಾಲು ಬರುತ್ತಲೇ ಇದ್ದುದರಿಂದ ಹೂಡಿಕೆದಾರರಿಗೆ ಹಣ ಹಂಚುವುದು ನಿಲ್ಲಲಿಲ್ಲ. ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇ 90ರಷ್ಟನ್ನು ಕೊಡಲೇಬೇಕೆಂಬುದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ.

ಠೇವಣಿಯ ಅಸಲು ಪೇಟೆಯೊಂದಿಗೆ ಕರಗುವುದಿಲ್ಲ, 5 ಲಕ್ಷ ರೂಪಾಯಿವರೆಗೆ ವಿಮೆಯೂ ಇದೆ. ಬಡ್ಡಿದರ ಏರುವ ಕಾಲದಲ್ಲಂತೂ ರೀಟ್‌ಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ: ಅದರ ಸಾಲದ ವೆಚ್ಚ ಹೆಚ್ಚುತ್ತದೆ, ಹೂಡಿಕೆದಾರರು ಠೇವಣಿಯತ್ತ ವಾಲುತ್ತಾರೆ. ಮುಂದಿನ ವರ್ಷ ಮಗಳ ಕಾಲೇಜು ಶುಲ್ಕಕ್ಕೆ ಬೇಕಾದ ಹಣ ಠೇವಣಿಯಲ್ಲೇ ಇರಲಿ. ಐದಾರು ವರ್ಷ ಮುಟ್ಟಬೇಕಿಲ್ಲದ ಹಣಕ್ಕಷ್ಟೇ ನಾನು ರೀಟನ್ನು ಸೂಚಿಸುತ್ತೇನೆ.