14416 ಟೆಲಿ ಮಾನಸ್: ಮನೆಯವರೂ ಫೋನ್ ಮಾಡಬಹುದು

ಟೆಲಿ ಮಾನಸ್ ಅಂದರೆ ಮನಸ್ಸಿನ ಕಷ್ಟಕ್ಕೆ ನೆರವಾಗುವ ಫೋನ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಕೇಂದ್ರ ಸರ್ಕಾರದ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ನಾನು ತಮ್ಮನ ಮಗನ ಬಗ್ಗೆ ಕೇಳಲು ಮಾಡಿದ್ದೆ. "ಸಾಯಬೇಕು ಅನ್ನಿಸುತ್ತಿದೆಯಾ ಅಂತ ಅವನನ್ನು ನೇರವಾಗಿ ಕೇಳಿದ್ದೀರಾ?" ಅಂದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಅಂತ ನಾವೆಲ್ಲ ಹೆದರುತ್ತೇವೆ, ಅಲ್ವಾ? ಹಾಗಾಗುವುದಿಲ್ಲ ಅಂತಲೇ ಸಂಶೋಧನೆಗಳು ತೋರಿಸಿವೆ. ಎಷ್ಟೋ ಜನಕ್ಕೆ ಯಾರಾದರೂ ಹಾಗೆ ಕೇಳಿದ ಮೇಲೆ ಮನಸ್ಸು ಹಗುರಾಗುತ್ತದೆ. ಈ ಸಹಾಯವಾಣಿ ಹುಡುಗರಿಗೆ ಮಾತ್ರ ಅಂತ ಸುಮ್ನೆ ಅಂದುಕೊಳ್ಳಬೇಡಿ, ಅಜ್ಜ ಅಜ್ಜಿಯರಿಗೂ ಇದೆ. ಜೀವಕ್ಕೆ ಈ ಕ್ಷಣವೇ ಅಪಾಯ ಅನ್ನಿಸಿದರೆ ಮಾತ್ರ ಮೊದಲು ತುರ್ತು ನಂಬರ್ 112ಕ್ಕೆ ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.