ಸಾಂಬಾ ಫೈಲ್ ಸರ್ವರ್: ಆರು ವರ್ಷ ಬಳಸಿದ ಮೇಲೆ ಲಾಕಿಂಗ್ ಕುರಿತು

ಕಚೇರಿಯ ಲಿನಕ್ಸ್ ಯಂತ್ರದಲ್ಲಿ ಆರು ವರ್ಷಗಳಿಂದ ಸಾಂಬಾ (ಲಿನಕ್ಸ್ ಯಂತ್ರದ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ವಿಂಡೋಸ್ ಯಂತ್ರಗಳಿಗೆ ಹಂಚುವ ಸಾಫ್ಟ್‌ವೇರ್) ನಡೆಸುತ್ತಿದ್ದೇನೆ. ಇನ್‌ಸ್ಟಾಲ್ ಮಾಡುವುದರಲ್ಲಾಗಲಿ, ಬಳಕೆದಾರರ ಅನುಮತಿಗಳಲ್ಲಾಗಲಿ ಹೇಳಿಕೊಳ್ಳುವಂಥ ತೊಂದರೆ ಆಗಿಲ್ಲ. ತಲೆ ತಿಂದದ್ದು ಫೈಲ್ ಲಾಕಿಂಗ್ (ಒಂದೇ ಫೈಲನ್ನು ಹಲವರು ಬಳಸುವಾಗ ಗೊಂದಲವಾಗದಂತೆ ತಡೆಯುವ ಏರ್ಪಾಟು) ಒಂದೇ.

ಮೊದಲ ವರ್ಷ ಎಲ್ಲ ಸೆಟ್ಟಿಂಗ್‌ಗಳನ್ನೂ ಇದ್ದಂತೆಯೇ ಬಿಟ್ಟಿದ್ದೆ. ಆಗ ವಿಂಡೋಸ್ ಯಂತ್ರವೊಂದು ಫೈಲ್ ತೆರೆದರೆ, ಅದನ್ನು ಬೇರೆ ಯಾರೂ ತೆರೆದಿಲ್ಲದಿದ್ದಲ್ಲಿ ಸರ್ವರ್ ಆಪ್‌ಲಾಕ್ ಅಥವಾ ಲೀಸ್ ಕೊಡುತ್ತದೆ, ಅಂದರೆ ಫೈಲಿನ ಡೇಟಾವನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು ಕೆಲಸ ಮಾಡುವ ಅನುಮತಿ. ಯಂತ್ರವು ಬರೆದದ್ದನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ಇನ್ನೊಂದು ವಿಂಡೋಸ್ ಯಂತ್ರ ಅದೇ ಫೈಲ್ ಕೇಳಿದರೆ, ಸಾಂಬಾ ಆ ಸವಲತ್ತನ್ನು ಹಿಂಪಡೆದು, ಬಾಕಿ ಬರಹವನ್ನೆಲ್ಲ ತರಿಸಿಕೊಂಡ ನಂತರವೇ ಫೈಲ್ ಬಿಟ್ಟುಕೊಡುತ್ತದೆ. ಸಾಂಬಾದ ವೇಗಕ್ಕೆ ಇದು ದೊಡ್ಡ ಕಾರಣ.

ಆದರೆ ಸರ್ವರಿನಲ್ಲೇ ಓಡುವ ಪ್ರೋಗ್ರಾಂಗಳಿಗೆ ಈ ಏರ್ಪಾಟಿನ ಸುಳಿವೇ ಇರುವುದಿಲ್ಲ. ದಾಸ್ತಾನಿನ ಡೇಟಾ ಫೈಲನ್ನು ಗಂಟೆಗೊಮ್ಮೆ ನಕಲು ಮಾಡುವ ನನ್ನ ಸ್ಕ್ರಿಪ್ಟಿನ ಪ್ರತಿಯಲ್ಲಿ ಕೊನೆಯ ಕೆಲವು ನಮೂದುಗಳು ಆಗಾಗ ಕಾಣೆಯಾಗುತ್ತಿದ್ದವು. ಹೆಸರು ನೋಡಿ ಮರುಳಾಗಿ 'ಸ್ಟ್ರಿಕ್ಟ್ ಲಾಕಿಂಗ್' ಎಂಬ ಸೆಟ್ಟಿಂಗನ್ನು 'ಯೆಸ್' ಮಾಡಿದೆ. ಅದು ಪ್ರತಿ ಓದು-ಬರಹದ ವೇಳೆ ಬೈಟ್ ವ್ಯಾಪ್ತಿಯ ಲಾಕ್ (ಫೈಲಿನ ನಿರ್ದಿಷ್ಟ ಭಾಗಕ್ಕೆ ಹಾಕಿದ ಬೀಗ) ಇದೆಯೇ ಎಂದು ಪರೀಕ್ಷಿಸುತ್ತದೆಯೇ ಹೊರತು, ಇನ್ನೊಂದು ಯಂತ್ರದ ಮೆಮೊರಿಯಲ್ಲಿ ಉಳಿದ ಬರಹವನ್ನು ತರಿಸುವುದಿಲ್ಲ. ಮರುದಿನವೇ ಅದನ್ನು ಹಳೆಯ 'ಆಟೋ'ಗೆ ಮರಳಿಸಿದೆ.

ಕಾರಣ ಕಣ್ಣಿಗೆ ಬಿದ್ದದ್ದು, ಯಾರು ಯಾವ ಫೈಲ್ ತೆರೆದಿದ್ದಾರೆಂದು ತೋರಿಸುವ ಸಾಂಬಾದ ಎಸ್‌ಎಂಬಿಸ್ಟೇಟಸ್ ಆಜ್ಞೆಯಿಂದ. ಲಾಕ್‌ಗಳ ಪಟ್ಟಿಯಲ್ಲಿ ಆ ಫೈಲಿನ ಮುಂದೆ, ಆಪ್‌ಲಾಕ್ ಕಾಲಂನಲ್ಲಿ, 'ಲೀಸ್ (ಆರ್‌ಡಬ್ಲ್ಯುಎಚ್)' ಎಂದಿತ್ತು: ಓದು, ಬರಹ, ಹ್ಯಾಂಡಲ್ (ಫೈಲ್ ತೆರೆದಿರುವ ಸ್ಥಿತಿ) ಮೂರನ್ನೂ ಹಿಡಿದಿಟ್ಟುಕೊಳ್ಳುವ ಅಧಿಕಾರ. ಸ್ಕ್ರಿಪ್ಟ್ ಓದುತ್ತಿದ್ದದ್ದು ಡಿಸ್ಕಿಗೆ ಬಂದಿದ್ದಷ್ಟನ್ನೇ.

'ಕರ್ನಲ್ ಆಪ್‌ಲಾಕ್ಸ್' ಎಂಬ ಸೆಟ್ಟಿಂಗ್ ಆನ್ ಮಾಡಿದಾಗ ಸಮಸ್ಯೆ ನಿಂತಿತು, ಏಕೆಂದರೆ ಸರ್ವರಿನಲ್ಲೇ ಓಡುವ ಪ್ರೋಗ್ರಾಂ ಫೈಲ್ ತೆರೆದೊಡನೆ ಕರ್ನಲ್ (ಲಿನಕ್ಸಿನ ತಿರುಳು) ಸಾಂಬಾಗೆ ತಿಳಿಸುತ್ತದೆ. ಆದರೆ ಅದರೊಂದಿಗೆ ಲೀಸ್ ಸೌಲಭ್ಯ ಹೋಗುತ್ತದೆ, ಹಲವರು ಒಟ್ಟಿಗೆ ಓದುವಾಗ ನೆರವಾಗುವ ಎರಡನೇ ಹಂತದ ಆಪ್‌ಲಾಕ್ ಕೂಡ ಸಿಗುವುದಿಲ್ಲ. ಒಂದು ಫೈಲಿಗಾಗಿ ಇಡೀ ಶೇರ್ (ಹಂಚಿಕೊಂಡ ಫೋಲ್ಡರ್) ನಿಧಾನವಾಯಿತು. ಕೊನೆಗೆ ಅದನ್ನು ಆಫ್ ಮಾಡಿ, ಆಯ್ದ ಫೈಲ್‌ಗಳಿಗೆ ಮಾತ್ರ ಆಪ್‌ಲಾಕ್ ನಿರಾಕರಿಸುವ 'ವೀಟೋ ಆಪ್‌ಲಾಕ್ ಫೈಲ್ಸ್' ಸಾಲಿನಲ್ಲಿ ಡೇಟಾ ಫೈಲಿನ ಎಕ್ಸ್‌ಟೆನ್ಶನ್ ಒಂದನ್ನೇ, ಎರಡು ಓರೆಗೆರೆಗಳ ನಡುವೆ, ನಕ್ಷತ್ರ ಚಿಹ್ನೆಯೊಂದಿಗೆ ಬರೆದೆ. ತೆರೆದಿದ್ದ ಫೈಲನ್ನು ಎಲ್ಲರೂ ಒಮ್ಮೆ ಮುಚ್ಚಿ ತೆರೆದ ಮೇಲೆ ಅದೇ ಕಾಲಂನಲ್ಲಿ 'ನನ್' ಕಾಣಿಸಿತು.

ಆ ಸಾಲು ಈಗಲೂ ಹಾಗೇ ಇದೆ. ದಾಸ್ತಾನಿನ ಪ್ರೋಗ್ರಾಂ ಮಾತ್ರ ಮೊದಲಿಗಿಂತ ತುಸು ತಡವಾಗಿ ತೆರೆದುಕೊಳ್ಳುತ್ತದೆ. ಅದನ್ನು ಬಳಸುವವರು ಈ ಬಗ್ಗೆ ಇಂದಿಗೂ ಗೊಣಗುತ್ತಾರೆ.