ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್, ಮೂಡಿಗೆರೆ ಕಡೆಯಿಂದ

ನಮ್ ಕಡೆ ಕಾಫಿ ತೋಟದವ್ರಿಗೆ ಎಫ್‌ಎಂ ಅಂದ್ರೆ ಲಾಟ್ರಿ ಇದ್ದಂಗೆ, ಹಾಸನದ 102.2 ಗುಡ್ಡ ಹತ್ತಿದ್ರೆ ಸಿಗುತ್ತೆ, ಹಳ್ಳಕ್ಕಿಳಿದ್ರೆ ಬರೀ ಸರ್ರ್ ಅಂತ ಸದ್ದು. ಆದ್ರೆ ಈ ಹಳೇ ಎಎಂ (ಮೀಡಿಯಂ ವೇವ್) ಅಲೆ ನೆಲದ ಜೊತೆನೇ ತೆವಳ್ಕೊಂಡ್ ಬರುತ್ತಲ್ಲ, ಅದಕ್ಕೆ ಭದ್ರಾವತಿ ಮಾತ್ರ ಅಡುಗೆಮನೆವರೆಗೂ ಬರುತ್ತೆ. 1965ರಿಂದ ಇದೆ ಈ ಸ್ಟೇಷನ್ನು, ನಮ್ಮಜ್ಜನ ಕಾಲದ್ದು.

ನಂಗಿಷ್ಟ ಆಗೋದು ಮಾತಿನ ಪ್ರೋಗ್ರಾಂಗಳು. ಬೆಳಿಗ್ಗೆ ಚಿಂತನ, ವಾರ್ತೆ, ಸಂಜೆ ರೈತರ ಪ್ರೋಗ್ರಾಂ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡೋಕೆ ಮೈಲುತುತ್ತ, ಸುಣ್ಣ ಎಷ್ಟೆಷ್ಟು ಅಂತ ನಿಧಾನಕ್ಕೆ ಹೇಳ್ತಾರೆ, ಪೆನ್ನು ಹುಡ್ಕೋಕೂ ಟೈಮ್ ಸಿಗುತ್ತೆ! ಎಫ್‌ಎಂ ಹುಡುಗರ ಥರ ಕಿರುಚಾಟ ಇಲ್ಲ. ನಾಟಕ ಬಂದ್ರಂತೂ ಅಮ್ಮ ಸಾರು ಹೊತ್ತಿಸಿದ್ದೂ ಉಂಟು.

ಕಿರಿಕಿರಿ ಅಂದ್ರೆ ಎಲ್‌ಇಡಿ ಬಲ್ಬು, ಚಾರ್ಜರ್ ಪಕ್ಕ ರೇಡಿಯೋ ಇಟ್ರೆ ಗುಂಯ್ ಅನ್ನುತ್ತೆ, ಕತ್ತಲಾದ್ಮೇಲೆ ದೂರದ ಸ್ಟೇಷನ್‌ಗಳೂ ಆಕಾಶದಿಂದ ವಾಪಸ್ ಬಂದು ಮೇಲೆ ಬೀಳ್ತವೆ. ಸೆಟ್ಟನ್ನ ಸ್ವಲ್ಪ ತಿರುಗಿಸಿ ನೋಡಿ, ಒಳಗಿರೋ ಆಂಟೆನಾಗೆ ದಿಕ್ಕು ಮುಖ್ಯ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ದಾಗ ಎರಡು ಸೆಲ್ ಹಾಕಿದ್ರೆ ಸಾಕು. ಐದಕ್ಕೆ ನಾಲ್ಕೂವರೆ ಸ್ಟಾರ್.